ತಡಿಯಮ್ಮ ಎಂಬ ನಡೆ

ಯಾರೋ ಹೆಂಗಸು ಬಂದರು ಅಂದುಕೊಂಡು ಕೋಚ್ ತಿರುಗಿ ಬಾಗಿಲ ಕಡೆ ನೋಡಿದ. ಅವನಿಗೂ ಎದುರಿಗೆ ಕೂತಿದ್ದ ಹುಡುಗಿಗೂ ನಡುವೆ ಎಲ್ಲವೂ ಶುರುವಾದದ್ದು ಹಾಗೆ.

ಭಾನುವಾರದ ಬೆಳಿಗ್ಗೆ. ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಚೆಸ್ ಕ್ಲಬ್ಬು. ಏಳು ಮೇಜು, ಹದಿನಾಲ್ಕು ಕುರ್ಚಿ, ಅದರಲ್ಲಿ ಮೂರು ಕುಂಟುವವು. ಹೊಸದಾಗಿ ಸೇರಿದ್ದ ಕೋಚ್ ಸದಸ್ಯರನ್ನು ಒಬ್ಬೊಬ್ಬರನ್ನಾಗಿ ಎದುರಿಗೆ ಕೂರಿಸಿಕೊಂಡು ಒಂದೊಂದು ಆಟ ಆಡಿ ನೋಡುತ್ತಿದ್ದ. ಐದನೆಯವಳಾಗಿ ಅವಳು ಬಂದು ಕೂತಳು. ಬಿಗಿಯಾಗಿ ಹೆಣೆದ ಜಡೆ, ಬಾಗಿದ ಕತ್ತು, ಮಾತಿಲ್ಲ. ಇಪ್ಪತ್ತು ನಡೆ ಆದರೂ ಅವಳ ಬಾಯಿಂದ ಒಂದು ಹೂಂ ಕೂಡ ಬರಲಿಲ್ಲ.

ಅವನು ಒಂಟೆಯಿಂದ ಅವಳ ಕುದುರೆಯನ್ನು ಹೊಡೆದು ಗಡಿಯಾರ ಒತ್ತಿದ. ಇನ್ನು ಅವಳು ರಾಣಿಯಿಂದ ಆ ಒಂಟೆಯನ್ನು ಹೊಡೆಯಬೇಕು, ಬೇರೆ ದಾರಿಯಿಲ್ಲ. ಅವಳ ಕೈ ರಾಣಿಯವರೆಗೂ ಹೋಯಿತು, ಗಾಳಿಯಲ್ಲೇ ನಿಂತಿತು. ತುಟಿಯೊಳಗೇ ಅಂದಳು:

"ತಡಿಯಮ್ಮ ಬಂದ್ಲು."

ಕೋಚ್ ಬಾಗಿಲು ನೋಡಿದ. ಯಾರೂ ಇರಲಿಲ್ಲ. ಮತ್ತೆ ಈ ಕಡೆ ತಿರುಗುವಷ್ಟರಲ್ಲಿ ಅವಳ ಆನೆ ಅವನ ರಾಜನಿಗೆ ಚೆಕ್ ಕೊಟ್ಟು ಕೂತಿತ್ತು. ರಾಜ ಸರಿಯಲೇಬೇಕು, ಸರಿದ. ಆಮೇಲೆ ಅವಳು, ಏನೂ ಅವಸರವಿಲ್ಲದವಳಂತೆ, ರಾಣಿಯಿಂದ ಒಂಟೆಯನ್ನು ಹೊಡೆದಳು. ಈಗ ಆ ರಾಣಿಯ ಕಣ್ಣು ಮೂಲೆಯಲ್ಲಿದ್ದ ಅವನ ಆನೆಯ ಮೇಲೂ ಬಿತ್ತು. ಒಂದು ನಡೆಯ ಹಿಂದೆ ಆ ಆನೆಗೆ ರಾಜನ ಕಾವಲಿತ್ತು. ಈಗ ಇರಲಿಲ್ಲ.

ಅವನು ಬೋರ್ಡನ್ನೇ ನೋಡುತ್ತಾ ನಕ್ಕುಬಿಟ್ಟ. "ಯಾರ್ರೀ ಅದು ತಡಿಯಮ್ಮ? ನಿಮ್ಮಜ್ಜಿನಾ?"

ಅವಳಿಗೆ ಕಿವಿಯವರೆಗೂ ಕೆಂಪೇರಿತು. ಅಷ್ಟು ಜೋರಾಗಿ ಅಂದೆನೆಂದು ಅವಳಿಗೇ ಗೊತ್ತಿರಲಿಲ್ಲ.

ಮನೆಯಲ್ಲಿ ಅವಳನ್ನು ಸಣ್ಣಿ ಎನ್ನುತ್ತಿದ್ದರು. ಇಪ್ಪತ್ತಾರು ತುಂಬಿದರೂ, ಐದಡಿ ಆರಂಗುಲ ಬೆಳೆದು ನಿಂತರೂ ಸಣ್ಣಿ ಸಣ್ಣಿಯೇ. ಅಪ್ಪ ಟೇಲರ್. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಬಟ್ಟೆ ಕತ್ತರಿಸುವ ದೊಡ್ಡ ಮೇಜಿನ ಒಂದು ತುದಿಯಲ್ಲಿ ಯಾವಾಗಲೂ ಒಂದು ಚೆಸ್ ಬೋರ್ಡು. ಕಳೆದುಹೋದ ಒಂದು ಕುದುರೆ, ಎರಡು ಕಾಲಾಳುಗಳ ಜಾಗದಲ್ಲಿ ಕೋಟಿನ ಗುಂಡಿಗಳು. ಅಮ್ಮ ತೀರಿಹೋದ ವರ್ಷ, ಏಳು ವರ್ಷದ ಮಗಳು ಮಾತು ಬಿಟ್ಟು ಕೂತಿದ್ದಾಗ, ಅಪ್ಪ ಅವಳಿಗೆ ಆಟ ಕಲಿಸಿದರು.

ಆ ವಯಸ್ಸಿನಲ್ಲಿ ಅವಳದು ದುಡುಕು. ಅಪ್ಪ ಹೊಡೆದರೆ ತಾನೂ ಹೊಡೆಯಬೇಕು, ತಕ್ಷಣ. ಕತ್ತಿಗೆ ಟೇಪು ಹಾಕಿಕೊಂಡಿದ್ದ ಅಪ್ಪ ಅವಳ ಮಣಿಕಟ್ಟು ಹಿಡಿದುಕೊಳ್ಳುತ್ತಿದ್ದರು. "ತಡಿಯಮ್ಮ. ಅದೇನು ಓಡಿಹೋಗಲ್ಲ. ಹೊಡೆಯೋ ಮೊದಲು ನಡುವೆ ಬೇರೆ ಏನಾದ್ರೂ ಇದೆಯಾ ನೋಡು." ಎದುರಾಳಿ ಉತ್ತರಿಸಲೇಬೇಕಾದ ಒಂದು ನಡೆಯನ್ನು ಮಧ್ಯೆ ತೂರಿಸಿ, ಅದಾದ ಮೇಲೆ ಹೊಡೆಯುವುದು. ಅದಕ್ಕೊಂದು ಹೆಸರಿದೆಯೆಂದು ಅಪ್ಪನಿಗೂ ತಿಳಿದಿರಲಿಲ್ಲ. ದಿನ ಕಳೆದಂತೆ ತಡಿಯಮ್ಮ ಆ ಮನೆಯ ಮೂರನೆಯವಳಾದಳು. ತಡಿಯಮ್ಮ ಬಂದ್ಲು. ಇವತ್ತು ತಡಿಯಮ್ಮ ಮಲಗಿಬಿಟ್ಟಿದ್ದಾಳೆ. ತಡಿಯಮ್ಮನ್ನ ಮರೆತ್ಯಲ್ಲೇ ಸಣ್ಣಿ.

ಇದನ್ನೆಲ್ಲ ಅವಳು ಕೋಚ್‌ಗೆ ಒಂದೇ ದಿನ ಹೇಳಲಿಲ್ಲ. ಭಾನುವಾರಕ್ಕೆ ಇಷ್ಟಿಷ್ಟು ಎಂಬಂತೆ ಹೇಳಿದಳು.

ಅವನಿಗೆ ಮೂವತ್ತೊಂದು. ಒಂದು ಕಾಲದಲ್ಲಿ ದೊಡ್ಡ ದೊಡ್ಡ ಟೂರ್ನಮೆಂಟುಗಳಲ್ಲಿ ಆಡಿ, ಎರಡು ಸಲ ಗೆಲುವಿನ ಹೊಸ್ತಿಲಲ್ಲಿ ಎಡವಿ, ಮೂರನೆಯ ಸಲ ಆಡುವುದನ್ನೇ ಬಿಟ್ಟವನು. ಈಗ ಕಲಿಸುವುದೇ ಕೆಲಸ. ವಾರದ ದಿನಗಳಲ್ಲಿ ಶಾಲೆಗಳು, ಒಂದು ಲಾ ಕಾಲೇಜು. ಭಾನುವಾರ ಈ ಕ್ಲಬ್ಬು. ಊರಾಚೆಯ ಬಾಡಿಗೆ ಮನೆಯಲ್ಲಿ ತಾಯಿಯ ಜೊತೆ ಇದ್ದ. ತಾನು ತಯಾರು ಮಾಡಿದ ಒಳ್ಳೆಯ ಆಟಗಾರರೆಲ್ಲ ಎಲ್ಲೆಲ್ಲಿಗೋ ಹೋದರು, ಹೋದಮೇಲೆ ಒಂದು ಫೋನೂ ಇಲ್ಲ ಎಂದು ಒಮ್ಮೆ ನಗುನಗುತ್ತಲೇ ಹೇಳಿದ. ನಗು ಕಣ್ಣಿನವರೆಗೆ ಹತ್ತಿರಲಿಲ್ಲ.

ಎರಡನೇ ತಿಂಗಳಲ್ಲಿ ಅವನು ಅವಳ ಕೆಲಸದ ಜಾಗಕ್ಕೇ ಬಂದ. ಕನ್ನಡಕದ ಅಂಗಡಿಯಲ್ಲಿ ಅವಳು ಅಳತೆ ತೆಗೆದು ಫ್ರೇಮ್ ಕೂರಿಸುವವಳು. ಓದುವಾಗ ತಲೆ ನೋಯುತ್ತೆ ಎಂದ. ಡಾಕ್ಟರ ಚೀಟಿ ಇತ್ತು, ಸುಳ್ಳಲ್ಲ. ಆದರೆ ಅವನ ಮನೆಯಿಂದ ಇಲ್ಲಿಗೆ ಬರುವ ದಾರಿಯಲ್ಲಿ ಇಂಥ ಅಂಗಡಿಗಳು ನಾಲ್ಕಿದ್ದವು.

ಎರಡು ಕಣ್ಣುಪಾಪೆಗಳ ನಡುವಿನ ದೂರ ಅಳೆಯಬೇಕು. ಅವಳು ಎದುರಿಗೆ ಕೂತು ಸಣ್ಣ ಸ್ಕೇಲನ್ನು ಅವನ ಮೂಗಿನ ಮೇಲಿಟ್ಟಳು.

"ನನ್ನ ಎಡಗಣ್ಣನ್ನೇ ನೋಡಿ. ಅಲ್ಲಾಡಬೇಡಿ."

"ಎಷ್ಟು ಹೊತ್ತು?"

"ನಾನು ಸಾಕು ಅನ್ನೋ ತನಕ."

ದಿನಕ್ಕೆ ಮೂವತ್ತು ಜನರ ಕಣ್ಣನ್ನು ಅವಳು ಹೀಗೆ ನೋಡುತ್ತಿದ್ದಳು. ಹತ್ತು ಸೆಕೆಂಡಿನ ಕೆಲಸ. ಅವು ಅವಳಿಗೆ ಕಣ್ಣುಗಳೇ ಅಲ್ಲ, ಎರಡು ಗುರುತುಗಳು, ನಡುವೆ ಒಂದು ಸಂಖ್ಯೆ. ಅವತ್ತು ಮಾತ್ರ ಅವನ ಕಂದು ಬಣ್ಣದ ಕಣ್ಣಿನಲ್ಲಿ ಎಡಗಡೆ ಒಂದು ಚಿಕ್ಕ ಕಪ್ಪು ಚುಕ್ಕೆ ಇರುವುದು ಕಂಡಿತು. ರೆಪ್ಪೆ ಮಿಟುಕಿಸದೆ ಕೂತವನ ತುಟಿಯ ತುದಿ ಮೆಲ್ಲಗೆ ಮೇಲೇರುವುದೂ ಕಂಡಿತು. ಸಂಖ್ಯೆ ಮರೆತುಹೋಯಿತು. ಮತ್ತೆ ಅಳೆದಳು. ಮತ್ತೆ ಮರೆತಳು.

"ನನ್ನ ಕಣ್ಣೇನು ಜರುಗ್ತಾ ಇದೆಯಾ?" ಎಂದು ಕೇಳಿದ.

"ಅರವತ್ತನಾಲ್ಕು," ಎಂದಳು ಬಿರುಸಾಗಿ, ಚೀಟಿಯ ಮೇಲೆ ಬರೆಯುತ್ತಾ. ಚೆಸ್ ಬೋರ್ಡಿನ ಮನೆಗಳಷ್ಟೇ ಎಂದು ಅವನು ಅಂದಾಗ ಪಕ್ಕದ ಕೌಂಟರಿನಲ್ಲಿದ್ದ ಮಾಲೀಕರು ಕೆಮ್ಮಿದರು.

ಕ್ಲಬ್ಬಿನಲ್ಲಿ ಪಾಠ ಮುಗಿದ ಮೇಲೂ ಇಬ್ಬರೂ ಉಳಿಯತೊಡಗಿದರು. ಒಂದು ದಿನ ಅವನು ಬಿಳಿ ಹಲಗೆಯ ಮೇಲೆ ಆ ನಡುವಿನ ನಡೆಗಿರುವ ಹೆಸರುಗಳನ್ನೆಲ್ಲ ಬರೆದು ತೋರಿಸಿದ. ಜರ್ಮನರು ಜ್ವಿಶೆನ್‌ಜುಗ್ ಅಂತಾರೆ, ಪುಸ್ತಕಗಳಲ್ಲಿ ಹೆಚ್ಚಾಗಿ ಅದೇ. ಅವಳು ಎರಡು ಸಲ ಹೇಳಿ ನೋಡಿ, ಯಾರೋ ಸೀನಿದ ಹಾಗಿದೆ ಎಂದಳು. ಇಟಲಿಯವರದು ಇಂಟರ್‌ಮೆಟ್ಸೊ, ನಾಟಕದ ಎರಡು ಅಂಕಗಳ ನಡುವೆ ಬರುವ ಪುಟ್ಟ ಹಾಡಿನಾಟ. ಹಾಗಾದರೆ ಆ ಹೊತ್ತಿಗೆ ಎಲ್ಲರೂ ಟೀ ಕುಡಿಯಲು ಎದ್ದುಹೋಗಿರುತ್ತಾರೆ, ಯಾರೂ ನೋಡಲ್ಲ ಎಂದಳು. ಅದಕ್ಕೇ ಆ ನಡೆ ಯಾರಿಗೂ ಕಾಣಿಸಲ್ಲ ಎಂದ. ಕನ್ನಡದಲ್ಲಿ ಕೆಲವರು ಮಧ್ಯಂತರ ನಡೆ ಎಂದು ಬರೆಯುತ್ತಾರೆ. ಇನ್ನು ಕ್ಲಬ್ಬಿನ ಹಳೆಯ ಸದಸ್ಯರೊಬ್ಬರು ಹೇಳುವುದು ನಡುನಡೆ.

ನಡುನಡೆ ಎನ್ನುವಾಗ ಅವನ ಕಣ್ಣು ಗಳಿಗೆ ಹೊತ್ತು ಅವಳ ಸೊಂಟದ ಕಡೆ ಹೋಗಿ, ಕದ್ದು ಸಿಕ್ಕಿಬಿದ್ದ ಹಾಗೆ ಹಲಗೆಗೆ ವಾಪಸಾಯಿತು.

"ಅದು ಬೇಡ," ಎಂದಳು. "ಆ ಹೆಸರು ಹೇಳುವಾಗ ನಿಮ್ಮ ಕಣ್ಣು ಎಲ್ಲೆಲ್ಲೋ ಹೋಗುತ್ತೆ."

ಎಲ್ಲದರ ಕೆಳಗೆ ಅವನು ದೊಡ್ಡಕ್ಷರದಲ್ಲಿ ತಡಿಯಮ್ಮ ಎಂದು ಬರೆದ. ಅವಳು ಎದ್ದುಹೋಗಿ ಅಂಗೈಯಿಂದಲೇ ಅದನ್ನು ಒರೆಸಿಬಿಟ್ಟಳು. ಅವಳು ಅಷ್ಟು ಸರಕ್ಕನೆ ಎದ್ದದ್ದನ್ನು ಅವನು ನೋಡಿರಲಿಲ್ಲ.

"ಇದು ನಮ್ಮನೇದು. ನಿಮಗೆ ಹೇಳಿದ್ದೀನಿ, ಸಾಕು. ಬೇರೆ ಯಾರಿಗೂ ಬೇಡ."

ಅವನು ಕರವಸ್ತ್ರ ತೆಗೆದು ಅವಳ ಅಂಗೈಯ ಮಸಿಯನ್ನು ಒಂದೊಂದೇ ಬೆರಳಿಗೆ ಒರೆಸಿದ. ಕಿರುಬೆರಳಿಗೆ ಬಂದಾಗ ಮಸಿ ಇರಲಿಲ್ಲ, ಆದರೂ ಒರೆಸಿದ. "ಯಾರಿಗೂ ಇಲ್ಲ," ಎಂದ. ಆ ಭಾನುವಾರದಿಂದ ಅವರ ಮಾತಿನಲ್ಲಿ ನೀವು ಹೋಗಿ ನೀನು ಬಂತು.

ಅಷ್ಟರಲ್ಲಿ ಒಂದು ಅವಕಾಶ ಬಂತು: ದೂರದ ದೊಡ್ಡ ನಗರದಲ್ಲಿ ಎರಡು ವರ್ಷದ ತರಬೇತಿ. ಉಳಿಯಲು ಜಾಗ, ಹೆಸರಾಂತ ಗುರುಗಳು, ತಿಂಗಳಿಗೊಂದು ಟೂರ್ನಮೆಂಟು. ಆಯ್ಕೆಯ ಪಂದ್ಯಾವಳಿಯಲ್ಲಿ ಮೊದಲು ಬಂದ ಒಬ್ಬಳಿಗೆ ಮಾತ್ರ. ಇಪ್ಪತ್ತೇಳು ತುಂಬಿರಬಾರದು. ಪಂದ್ಯಾವಳಿಯಾದ ಎರಡು ತಿಂಗಳಿಗೆ ಸಣ್ಣಿಗೆ ಇಪ್ಪತ್ತೇಳು ತುಂಬುತ್ತಿತ್ತು. ಇದು ಕೊನೆಯದು.

ಅರ್ಜಿ ತುಂಬಿಸಿದವನು ಅವನೇ. ತುಂಬಿಸಿದ ವಾರವೇ, ಟೀ ಅಂಗಡಿಯ ಮುಂದೆ ಲೋಟ ಹಿಡಿದು ನಿಂತು, ನಮ್ಮಮ್ಮ ನಿನ್ನ ನೋಡಬೇಕಂತೆ ಎಂದ. ಅಮ್ಮ ಯಾಕೆ ನೋಡಬೇಕೆಂದು ಅವಳಿಗೆ ತಿಳಿಯದೆ ಇರಲಿಲ್ಲ. ಲೋಟದ ಬಿಸಿ ಎದೆಗೆ ಬಂದ ಹಾಗಾಯಿತು. ಟೂರ್ನಮೆಂಟ್ ಮುಗಿಯಲಿ ಎಂದಳು.

"ಗೆದ್ರೆ?"

"ಗೆದ್ರೆ ಎರಡು ವರ್ಷ ಕಾಯಬೇಕಾಗುತ್ತೆ. ಆಮೇಲೆ ಬಂದೇ ಬರ್ತೀನಿ. ಕಾಯ್ತೀಯಾ?"

ಕಾಯ್ತೀನಿ ಎಂದ. ಅನ್ನುವ ಮೊದಲು ಟೀಯನ್ನು ಪೂರ್ತಿ ಕುಡಿದು, ಲೋಟವನ್ನು ಕಟ್ಟೆಯ ಮೇಲೆ ಇಟ್ಟು, ಕೈ ಒರೆಸಿಕೊಂಡ. ಅಷ್ಟು ತಡವಾಗಿತ್ತೆಂದು ಅವಳಿಗೆ ಹೊಳೆದದ್ದು ತಿಂಗಳುಗಳ ನಂತರ.

ತಯಾರಿ ನಡೆಯಿತು. ಬಿಳಿ ಕಾಯಿಗಳಲ್ಲಿ ಅವಳು ಚಿಕ್ಕಂದಿನಿಂದ ಒಂದೇ ಬಗೆಯ ಆರಂಭ ಆಡುತ್ತಿದ್ದಳು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಇಪ್ಪತ್ತು ನಡೆ ಹೇಳುವಷ್ಟು ಬಾಯಿಪಾಠ. ಒಂದು ಮಧ್ಯಾಹ್ನ ಅದನ್ನೇ ಮತ್ತೆ ಮತ್ತೆ ತಿರುವಿ ನೋಡುತ್ತಿದ್ದಾಗ ಇಬ್ಬರಿಗೂ ಒಂದೇ ಸಲಕ್ಕೆ ಕಂಡಿತು. ಹದಿನೆಂಟನೇ ನಡೆಯಲ್ಲಿ ಅವಳು ಒಂಟೆಯಿಂದ ಎದುರಾಳಿಯ ಕುದುರೆಯನ್ನು ಹೊಡೆಯುತ್ತಾಳೆ. ಎದುರಾಳಿ ಆ ಒಂಟೆಯನ್ನು ಕಾಲಾಳಿನಿಂದ ಹೊಡೆಯುತ್ತಾನೆ. ಎಲ್ಲ ಪುಸ್ತಕಗಳಲ್ಲೂ ಹಾಗೇ. ಆದರೆ ಎದುರಾಳಿ ಹಾಗೆ ಮಾಡದೆ ಮೊದಲು ಆನೆಯನ್ನು ಒಂದು ಮನೆ ಸರಿಸಿ ಅವಳ ರಾಣಿಯನ್ನು ಹೆದರಿಸಿದರೆ? ರಾಣಿಗೆ ಓಡಲು ಉಳಿಯುವುದು ಒಂದೇ ಮನೆ, ಅದೂ ಮೂಲೆಯಲ್ಲಿ. ಅದಾದ ಮೇಲೆ ಎದುರಾಳಿ ಸಾವಕಾಶವಾಗಿ ಒಂಟೆಯನ್ನು ಹೊಡೆಯಬಹುದು. ಹತ್ತು ನಡೆಯಲ್ಲಿ ಆಟ ಮುಗಿಯುತ್ತದೆ.

ತನ್ನ ಆಟದಲ್ಲೇ, ತನಗೇ ಎದುರಾಗಿ, ತಡಿಯಮ್ಮ ಹತ್ತೊಂಬತ್ತು ವರ್ಷದಿಂದ ಬಾಗಿಲ ಹಿಂದೆ ನಿಂತಿದ್ದಳು.

ಈ ಆರಂಭ ಬಿಟ್ಟು ಬೇರೆ ಕಲಿಯುತ್ತೇನೆ ಎಂದಳು ಸಣ್ಣಿ. ಮೂರು ವಾರದಲ್ಲಿ ಹೊಸದು ಕಲಿತರೆ ಅರೆಬರೆಯಾಗುತ್ತದೆ ಎಂದು ಅವನು ಬಿಡಿಸಿ ಹೇಳಿದ. ಯಾವ ಪುಸ್ತಕದಲ್ಲೂ ಇದಿಲ್ಲ. ನಾವಿಬ್ಬರು ಎಂಟು ತಿಂಗಳು ಕೂತು ನೋಡಿದ ಮೇಲೆ ಕಂಡದ್ದು, ಬೋರ್ಡಿನ ಮುಂದೆ ಯಾರಿಗೆ ಕಾಣುತ್ತೆ? ನಿನಗೂ ನನಗೂ ಬಿಟ್ಟು ಜಗತ್ತಿಗೇ ಗೊತ್ತಿಲ್ಲ.

ಆ ಮಾತು ಅವಳಿಗೆ ಆಪ್ತವಾಗಿ ಕೇಳಿಸಿತು. ಇಬ್ಬರಿಗೇ ಗೊತ್ತಿರುವ ಒಂದು ಗುಟ್ಟು, ಅದೂ ತನ್ನ ಬಲಹೀನತೆಯದು. ಅದನ್ನು ಅವನ ಕೈಯಲ್ಲಿಟ್ಟು ಅವಳು ನಿಶ್ಚಿಂತೆಯಾಗಿ ಮನೆಗೆ ಹೋದಳು. ಅಪ್ಪನಿಗೂ ಹೇಳಲಿಲ್ಲ.

ಪಂದ್ಯಾವಳಿ ಐದು ದಿನ. ಒಂಬತ್ತು ಸುತ್ತು. ಎಂಟು ಮುಗಿದಾಗ ಸಣ್ಣಿಗೂ ಇನ್ನೊಬ್ಬಳಿಗೂ ಸಮ ಅಂಕ. ಆ ಇನ್ನೊಬ್ಬಳನ್ನು ಎಲ್ಲರೂ ಲಾಯರ್ ಎನ್ನುತ್ತಿದ್ದರು. ಲಾ ಓದುತ್ತಿದ್ದ, ಇಪ್ಪತ್ತೆರಡರ, ನಗುಮುಖದ, ಬೇಗ ಬೇಗ ಆಡುವ ಹುಡುಗಿ. ಕೊನೆಯ ಸುತ್ತಿನಲ್ಲಿ ಇಬ್ಬರೂ ಎದುರುಬದುರು. ಸಣ್ಣಿಗೆ ಬಿಳಿ.

ಕೋಚ್ ಅವತ್ತು ಪಂದ್ಯದ ಹಾಲ್‌ಗೆ ಬರಲಿಲ್ಲ. ಬಂದರೆ ನಿನಗೆ ಗಾಬರಿಯಾಗುತ್ತೆ ಎಂದು ಬೆಳಿಗ್ಗೆಯೇ ಫೋನ್ ಮಾಡಿದ್ದ.

ಹದಿನೆಂಟನೇ ನಡೆ. ಸಣ್ಣಿ ಒಂಟೆಯಿಂದ ಕುದುರೆಯನ್ನು ಹೊಡೆದು, ನಡೆ ಬರೆದುಕೊಂಡು ತಲೆಯೆತ್ತಿದಳು. ಲಾಯರ್ ಯೋಚಿಸಲೇ ಇಲ್ಲ. ಅವಳ ಕೈ ಕಾಲಾಳಿನ ಹತ್ತಿರವೂ ಹೋಗಲಿಲ್ಲ. ಎರಡು ಬೆರಳಲ್ಲಿ ಆನೆಯನ್ನು ಒಂದು ಮನೆ ಪಕ್ಕಕ್ಕೆ ಸರಿಸಿ, ಗಡಿಯಾರ ಒತ್ತಿ, ನೀರಿನ ಬಾಟಲಿಯ ಮುಚ್ಚಳ ತಿರುಗಿಸಿದಳು.

ಮುಂದಿನ ನಡೆಗೆ ಸಣ್ಣಿ ಐವತ್ತು ನಿಮಿಷ ಕೂತಳು. ದಾರಿ ಹುಡುಕಲಿಕ್ಕಲ್ಲ. ದಾರಿ ಇಲ್ಲವೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಈ ಹುಡುಗಿಗೆ ತಾನಾಗಿಯೇ ಹೊಳೆದಿರಬಹುದು ಎಂದು ತನಗೆ ತಾನೇ ಹೇಳಿಕೊಳ್ಳುತ್ತಾ ಕೂತಳು. ಹೊಳೆಯಬಹುದು. ಬುದ್ಧಿವಂತೆ. ಯಾಕೆ ಹೊಳೆಯಬಾರದು? ಆಮೇಲೆ ರಾಣಿಯನ್ನು ಮೂಲೆಗೆ ಸರಿಸಿದಳು. ಇಪ್ಪತ್ತೊಂಬತ್ತನೇ ನಡೆಗೆ ಕೈ ಕೊಟ್ಟು ಸೋಲು ಒಪ್ಪಿಕೊಂಡಳು.

ಆಟ ಮುಗಿದ ಮೇಲೆ ಇಬ್ಬರು ಆಟಗಾರರೂ ಪಕ್ಕದ ಕೋಣೆಯಲ್ಲಿ ಕೂತು ಆಟವನ್ನು ಇನ್ನೊಮ್ಮೆ ನೋಡುವುದು ವಾಡಿಕೆ. ಸಣ್ಣಿ ಹೋದಳು, ಹೋಗದಿದ್ದರೆ ಸೋತು ಸಿಡುಕಿದಳು ಅನ್ನುತ್ತಾರೆ. ಲಾಯರ್ ಸಂತೋಷದಲ್ಲಿದ್ದಳು, ಒಳ್ಳೆಯ ಹುಡುಗಿ, ಅಹಂಕಾರವಿಲ್ಲ. ಕಾಯಿಗಳನ್ನು ಜೋಡಿಸುತ್ತಾ ವಟವಟ ಮಾತಾಡಿದಳು.

"ಅಕ್ಕ, ನೀವು ಒಂಟೆಯಿಂದ ಹೊಡೆದ ತಕ್ಷಣ ನನಗೆ ಎದೆ ಡವಡವ ಅಂತು. ಇಲ್ಲೇ ತಡಿಯಮ್ಮ ಬರೋದು, ಮರೀಬಾರ್ದು ಮರೀಬಾರ್ದು ಅಂತ."

ಸಣ್ಣಿಯ ಕೈಯಲ್ಲಿದ್ದ ಕಾಲಾಳು ಮೇಜಿನ ಮೇಲೆ ಉರುಳಿತು. "ಏನು ಬರೋದು?"

"ತಡಿಯಮ್ಮ. ನಡುವೆ ತೂರಿಸೋ ನಡೆ ಇದೆಯಲ್ಲ, ಅದಕ್ಕೆ ನಮ್ಮ ಕಾಲೇಜಿನ ಕೋಚ್ ಹಾಗೇ ಅನ್ನೋದು. ತಮಾಷೆಯಾಗಿದೆ ಅಲ್ವಾ? ಈ ಐಡಿಯಾನೂ ಅವರೇ ತೋರಿಸಿದ್ದು, ಹೋದ ವಾರ." ಅಷ್ಟು ಹೇಳಿ ಸಣ್ಣಿಯ ಮುಖ ನೋಡಿದಳು. "ಯಾಕಕ್ಕ, ನಿಮಗೂ ಅವರ ಪರಿಚಯ ಇದೆಯಾ?"

ಸ್ವಲ್ಪ ಪರಿಚಯ ಎಂದಳು ಸಣ್ಣಿ. ಆಟ ಚೆನ್ನಾಗಿ ಆಡಿದೆ, ಅಲ್ಲಿಗೆ ಹೋಗುವಾಗ ದಪ್ಪ ಬಟ್ಟೆ ತಗೊಂಡು ಹೋಗು, ಚಳಿ ಜಾಸ್ತಿಯಂತೆ ಎಂದೂ ಹೇಳಿದಳು. ಆ ಊರಿನ ಚಳಿಯ ಬಗ್ಗೆ ಅವಳು ತನಗಾಗಿ ವಿಚಾರಿಸಿ ಇಟ್ಟುಕೊಂಡಿದ್ದಳು.

ಮರುದಿನ ಮಧ್ಯಾಹ್ನ ಕೆಲಸದಿಂದ ಅರ್ಧ ದಿನ ರಜೆ ಹಾಕಿ ಕ್ಲಬ್ಬಿನ ಮೆಟ್ಟಿಲು ಹತ್ತಿದಳು. ಬರಲು ಹೇಳಿದ್ದಳು, ಅವನೊಬ್ಬನೇ ಇದ್ದ. ಕಾಯಿಗಳನ್ನು ಡಬ್ಬಿಗಳಿಗೆ ತುಂಬುತ್ತಿದ್ದ. ಅವಳನ್ನು ನೋಡಿ ಎದ್ದು, ಸೋತದ್ದು ಕೇಳಿ ತುಂಬಾ ಬೇಜಾರಾಯಿತು ಎಂದ.

"ಲಾಯರ್‌ಗೆ ತಡಿಯಮ್ಮ ಅನ್ನೋ ಮಾತು ಹೇಗೆ ಗೊತ್ತಾಯ್ತು?" ಎಂದು ಕೇಳಿದಳು.

ಅವನ ಕೈಯಲ್ಲಿದ್ದ ಡಬ್ಬಿ ಹಾಗೇ ನಿಂತಿತು. ಪಾಠ ಮಾಡುವಾಗ ಬಾಯಿ ತಪ್ಪಿ ಬಂದಿರಬೇಕು ಎಂದ.

"ಮಾತು ಬಾಯಿ ತಪ್ಪಿ ಬರುತ್ತೆ. ಹದಿನೆಂಟು ನಡೆ ಬಾಯಿ ತಪ್ಪಿ ಬರುತ್ತಾ?"

ಅವನು ಕೂತ. ಕೂತದ್ದು ಕುಂಟು ಕುರ್ಚಿ, ಅದು ಒಂದು ಕಡೆ ವಾಲಿತು. ಸರಿಪಡಿಸಿಕೊಳ್ಳಲಿಲ್ಲ. ಕೆಳಗಿನ ಅಂಗಡಿಯಲ್ಲಿ ಯಾರೋ ಕಬ್ಬಿಣದ ಪೈಪು ಕತ್ತರಿಸುತ್ತಿದ್ದರು. ಆ ಸದ್ದು ನಿಂತಿತು.

"ನೀನು ಗೆದ್ದಿದ್ರೆ ಹೋಗ್ತಿದ್ದೆ," ಎಂದ ಕೊನೆಗೆ.

"ವಾಪಸ್ ಬರ್ತೀನಿ ಅಂದಿದ್ದೆ."

"ಎಲ್ಲರೂ ಹಾಗೇ ಅನ್ನೋದು. ಹೋದವರು ಯಾರೂ ತಿರುಗಿ ಈ ಮೆಟ್ಟಿಲು ಹತ್ತಿದ್ದು ನಾನು ನೋಡಿಲ್ಲ. ಹತ್ತು ದಿನ ನಿದ್ದೆ ಮಾಡಿಲ್ಲ ಸಣ್ಣಿ. ಹೇಳೋದೇ ಬೇಡ ಅಂತ ಕಾಲೇಜಿಗೆ ಹೋದೆ. ಅವಳು ನೋಟ್‌ಬುಕ್ ತೆಗೆದಳು, ಹೇಳಿಬಿಟ್ಟೆ. ನಿನ್ನ ಬಿಟ್ಟಿರೋಕೆ ನನ್ನಿಂದ ಆಗ್ತಿರ್ಲಿಲ್ಲ. ಇಷ್ಟು ನಾನು ಯಾರನ್ನೂ ಪ್ರೀತಿಸಿಲ್ಲ."

ಎಂಟು ತಿಂಗಳಿಂದ ಅವಳು ಕಾದಿದ್ದ ಮಾತು ಅದು. ಟೀ ಅಂಗಡಿಯ ಮುಂದೆ, ಬಸ್ ಸ್ಟಾಪಿನಲ್ಲಿ, ಬೋರ್ಡಿನ ಮೇಲೆ ಇಬ್ಬರ ತಲೆಯೂ ಹತ್ತಿರ ಬಂದಾಗ, ಇನ್ನೇನು ಹೇಳುತ್ತಾನೆ ಎಂದು ಉಸಿರು ಹಿಡಿದಿದ್ದ ಮಾತು. ಅದು ಬಂದದ್ದು ಈಗ, ಈ ದಾರಿಯಲ್ಲಿ. ಅದು ನಿಜವೆಂದೂ ಅವಳಿಗೆ ಗೊತ್ತಾಗುತ್ತಿತ್ತು. ಸುಳ್ಳಾಗಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಒಂದೇ ಒಂದು ಪ್ರಶ್ನೆ ಉಳಿದಿತ್ತು. "ಆಟ ಬದಲಾಯಿಸಬೇಡ, ಇದನ್ನೇ ಆಡು ಅಂದ್ರಲ್ಲ. ಆವತ್ತೇ ಮನಸ್ಸಲ್ಲಿ ಇತ್ತಾ?"

ಇರಲಿಲ್ಲ, ದೇವರಾಣೆಗೂ ಇರಲಿಲ್ಲ ಎಂದ. ಆಮೇಲೆ ತಲೆಯೆತ್ತಿದ. ಅವಳು ಅಂದ್ರಲ್ಲ ಎಂದದ್ದು ಆಗ ಅವನಿಗೆ ತಟ್ಟಿತು. "ಏನು ಸಣ್ಣಿ, ನನ್ನನ್ನ ಮತ್ತೆ ನೀವು ಅಂತೀಯಾ?"

ಅವನ ಮಾತನ್ನು ನಂಬಬೇಕೆಂದು ಅವಳ ಮನಸ್ಸು ಒದ್ದಾಡಿತು. ನಂಬುವ ಶಕ್ತಿ ಮಾತ್ರ ಎಲ್ಲಿ ಹುಡುಕಿದರೂ ಸಿಗಲಿಲ್ಲ. ಇನ್ನು ಮುಂದೆ ಅವನು ಒಳ್ಳೆಯದು ಹೇಳಿದರೂ ಅದರ ಹಿಂದೆ ಯಾವ ಆನೆ ನಿಂತಿದೆ ಎಂದು ನೋಡಬೇಕು. ಹಾಗೆ ಒಬ್ಬರ ಜೊತೆ ಬದುಕುವುದು ಹೇಗೆ?

ಅವನು ಎದ್ದು ಹತ್ತಿರ ಬಂದ. ಮುಟ್ಟಲಿಲ್ಲ. ತರಬೇತಿ ಹೋದರೆ ಹೋಗಲಿ, ಬೇರೆ ಟೂರ್ನಮೆಂಟುಗಳಿವೆ, ವಯಸ್ಸಿನ ಮಿತಿ ಇಲ್ಲದವು, ಹಗಲೂ ರಾತ್ರಿ ಕೂತು ತಯಾರಿ ಮಾಡಿಸ್ತೀನಿ ಎಂದ.

"ಯಾರಿಗೆ ಮಾಡಿಸ್ತೀರಿ?" ಎಂದಳು ಅವಳು, ಮೆಲ್ಲಗೆ.

ಅವಳು ಮೆಟ್ಟಿಲಿಳಿದು ಬಂದಳು. ಬೀದಿಯಲ್ಲಿ ಎಲ್ಲರೂ ಅವರವರ ಕೆಲಸದಲ್ಲಿದ್ದರು. ಎರಡು ಬಸ್ಸು ಬಿಟ್ಟು ನಡೆದೇ ಮನೆಗೆ ಹೋದಳು.

ಅಪ್ಪನಿಗೆ ಅವಳು ಹೇಳಿದ್ದು ಇಷ್ಟೇ: ಹದಿನೆಂಟನೇ ನಡೆಯಲ್ಲಿ ತಪ್ಪಾಯಿತು, ನೋಡಿಕೊಳ್ಳಲಿಲ್ಲ. ಅಪ್ಪ ತಲೆ ಸವರಿದರು. ಕೋಚ್ ಬೇಜಾರು ಮಾಡಿಕೊಂಡಿರಬೇಕು, ಒಂದು ದಿನ ಮನೆಗೆ ಕರಿ ಎಂದರು. ಅವಳು ಹೂಂ ಎಂದಳು.

ಹತ್ತು ದಿನವಾದ ಮೇಲೆ, ಸಂಜೆ ಐದರ ಹೊತ್ತಿಗೆ, ನರೆಗೂದಲಿನ ಒಬ್ಬ ಹೆಂಗಸು ಅಪ್ಪನ ಅಂಗಡಿಗೆ ಬಂದರು. ಕೈಯಲ್ಲಿ ಗಂಡಸಿನ ಬೂದು ಬಣ್ಣದ ಕೋಟು. ಮಗನ ಕೋಟು, ಸೊಂಟದಲ್ಲಿ ಸಡಿಲ, ಹಿಡಿಸಿಕೊಡಬೇಕು ಎಂದರು. ಅದನ್ನು ಮೇಜಿನ ಮೇಲೆ ಹಾಕಿದ ಮೇಲೂ ನಿಂತೇ ಇದ್ದರು. ಆಮೇಲೆ ನಕ್ಕು, ಕೋಟು ಬರೀ ನೆಪ ಅಣ್ಣ, ನಾನು ಕೋಚ್ ತಾಯಿ, ನಿಮ್ಮ ಮಗಳನ್ನು ಕೇಳೋಕೆ ಬಂದೆ ಎಂದರು.

ಅಪ್ಪ ಗಡಬಡಿಸಿ ಎದ್ದರು. ಕುರ್ಚಿಯ ಮೇಲಿದ್ದ ಬಟ್ಟೆಯ ತುಂಡುಗಳನ್ನು ತೆಗೆದು ಕೂರಿಸಿದರು. ಅವರ ಮುಖ ಹಾಗೆ ಅರಳಿದ್ದನ್ನು ಸಣ್ಣಿ ಎಷ್ಟೋ ವರ್ಷಗಳಿಂದ ನೋಡಿರಲಿಲ್ಲ. ಅವಳೇ ಟೀ ಮಾಡಿ ತಂದುಕೊಟ್ಟಳು. ಆ ತಾಯಿ ಅವಳನ್ನು ಕಣ್ತುಂಬ ನೋಡಿದರು. ಮಗನಿಗೆ ಗೊತ್ತಿಲ್ಲದೆ ಬಂದಿದ್ದೇನೆ, ಅವನು ಹೋಗಬೇಡ ಕೇಳಬೇಡ ಅಂತಾನೆ, ಯಾಕೆ ಅಂದರೆ ಬಾಯಿ ಬಿಡಲ್ಲ. ಗಂಡುಮಕ್ಕಳಿಗೆ ಇದೆಲ್ಲ ಎಲ್ಲಿ ಗೊತ್ತಾಗುತ್ತೆ ಎಂದರು. ಅಪ್ಪ ಮಗಳ ಕಡೆ ತಿರುಗಿ, ಏನಂತೀಯಮ್ಮ ಎಂದರು. ಉತ್ತರ ಗೊತ್ತಿದೆಯೆಂಬ ಸಂತೋಷದಲ್ಲಿ ಕೇಳಿದ ಹಾಗಿತ್ತು.

"ಬೇಡ ಅಪ್ಪ," ಎಂದಳು ಸಣ್ಣಿ.

ಬಸ್ ಸ್ಟಾಪಿನವರೆಗೆ ಆ ತಾಯಿಯನ್ನು ಬಿಟ್ಟುಬರಲು ಅವಳೇ ಹೋದಳು. ಬಸ್ಸಿಗೆ ಕಾಯುವಾಗ ಅವರು ಅವಳ ತೋಳು ಹಿಡಿದುಕೊಂಡರು.

"ನನ್ನ ಮಗ ಏನಾದ್ರೂ ತಪ್ಪು ಮಾಡಿದನಾ? ತಾಯಿ ಅಂತ ಮುಚ್ಚಿಡಬೇಡ. ಮಾಡಿದ್ರೆ ಹೇಳು, ನಾನೇ ನಿನ್ನ ಕಾಲಿಗೆ ಬೀಳ್ತೀನಿ."

ಒಂದು ವಾಕ್ಯ ಸಾಕಿತ್ತು. ಆ ವಾಕ್ಯವನ್ನು ಹೊತ್ತು ಈ ಹೆಂಗಸು ಊರಾಚೆಯ ಮನೆಗೆ ಹೋಗಿ, ಮಗನಿಗೆ ಬಡಿಸಲು ಕೂರುವುದು ಸಣ್ಣಿಯ ಕಣ್ಣಿಗೆ ಕಟ್ಟಿತು.

"ಏನೂ ಮಾಡಿಲ್ಲಮ್ಮ. ಒಳ್ಳೆಯವರೇ. ನನಗೇ ಮನಸ್ಸಿಲ್ಲ."

ಅವರು ತೋಳು ಬಿಟ್ಟರು. ಮನಸ್ಸಿಲ್ಲದವಳು ಎಂಟು ತಿಂಗಳು ಯಾಕೆ ಅವನ ಜೊತೆ ಓಡಾಡಿದೆ ಎಂದು ಕೇಳಿದರು. ದೊಡ್ಡ ಆಟಗಾರ್ತಿ, ಕೋಚ್ ಸಣ್ಣವನಾಗಿ ಕಂಡನೇನೋ ಎಂದರು. ಬಸ್ಸು ಬಂತು. ಸಣ್ಣಿ ಕೈ ಹಿಡಿದು ಹತ್ತಿಸಲು ಹೋದಳು, ಅವರು ಕಂಬಿ ಹಿಡಿದು ತಾವೇ ಹತ್ತಿದರು. ಕಿಟಕಿಯ ಪಕ್ಕ ಕೂತರೂ ಈ ಕಡೆ ನೋಡಲಿಲ್ಲ.

ಅವಳು ಮನೆಗೆ ಬಂದಾಗ ಅಪ್ಪ ದೀಪ ಹಾಕಿಕೊಂಡು ಮೇಜಿನ ಮುಂದೆ ನಿಂತಿದ್ದರು. ಬೂದು ಕೋಟು ಬಿಚ್ಚಿ ಹರಡಿತ್ತು. ಸಿಟ್ಟಿನಲ್ಲೋ ದುಃಖದಲ್ಲೋ ಆ ತಾಯಿ ಅದನ್ನು ಇಲ್ಲೇ ಬಿಟ್ಟು ಹೋಗಿದ್ದರು.

"ಅಳತೆ ಹೇಳಲೇ ಇಲ್ಲ," ಎಂದರು ಅಪ್ಪ. "ಸೊಂಟಕ್ಕೆ ಎಷ್ಟು ಹಿಡೀಬೇಕೋ ಏನೋ. ಹಾಗೇ ವಾಪಸ್ ಕಳಿಸಿಬಿಡೋಣವಾ?"

"ಬೇಡ. ಕೊಟ್ಟ ಮೇಲೆ ಮಾಡಿಕೊಡಬೇಕು," ಎಂದಳು ಸಣ್ಣಿ. ದಾರ ಬಿಚ್ಚುವ ಸಣ್ಣ ಕತ್ತರಿಯನ್ನು ಡ್ರಾಯರಿನಿಂದ ತೆಗೆದು, ಕೋಟನ್ನು ತನ್ನ ಕಡೆ ಎಳೆದುಕೊಂಡಳು. "ಎರಡೂ ಕಡೆ ಮುಕ್ಕಾಲು ಮುಕ್ಕಾಲು ಇಂಚು. ಅವರ ಎಡಗಡೆ ಭುಜ ಸ್ವಲ್ಪ ಇಳಿಜಾರು, ಅಲ್ಲೂ ಒಂದು ಎಳೆ ಹಿಡೀಬೇಕು."

ಅಪ್ಪ ಕನ್ನಡಕದ ಮೇಲಿನಿಂದ ಮಗಳನ್ನು ನೋಡಿದರು. ನಿನಗೆ ಹೇಗೆ ಗೊತ್ತು ಎಂದು ಕೇಳಲಿಲ್ಲ. ಸೀಮೆಸುಣ್ಣದ ತುಂಡು ತೆಗೆದುಕೊಂಡು ಅವಳು ಹೇಳಿದ ಜಾಗದಲ್ಲೆಲ್ಲ ಗುರುತು ಹಾಕಿದರು. ಸಣ್ಣಿ ದೀಪದ ಹತ್ತಿರ ಕುರ್ಚಿ ಎಳೆದುಕೊಂಡು, ಬಟ್ಟೆ ಹರಿಯದ ಹಾಗೆ, ಒಂದೊಂದೇ ಹೊಲಿಗೆ ಬಿಚ್ಚುತ್ತಾ ಕೂತಳು.